ಎಬಿಸು ಆಡಿದ ಮಾತು

ಎಲ್ಲಕ್ಕೂ ಕಾರಣ ಕುಮಾಜೋನ ಬಲಗೈ.

ಆ ದಿನ ಸಂಜೆ ಐದಕ್ಕೆ ಮೀನುಗಾರರ ಸಂಘದಲ್ಲಿ ಕೈಯೆತ್ತುವ ಕೆಲಸವಿತ್ತು. ಹಾರುಮೀನಿನ ಕಾಲದಲ್ಲಿಯೂ ಹತ್ತು ದಿನ ಕಡಲು ಬಿಟ್ಟುಕೊಡಿ ಎಂದು ರಾಕೆಟ್ ಕೇಂದ್ರದವರು ಕೇಳಿದ್ದರು. ಜಪಾನಿನ ತನೆಗಶಿಮಾ ದ್ವೀಪದ ಆ ಪುಟ್ಟ ಬಂದರಿನಲ್ಲಿ ಇಪ್ಪತ್ಮೂರು ದೋಣಿ. ಹನ್ನೊಂದು ಜನ ಆಗಲಿ ಎನ್ನುವವರು, ಹನ್ನೆರಡು ಜನ ಬೇಡ ಎನ್ನುವವರು. ಆ ಹನ್ನೆರಡರಲ್ಲಿ ಕುಮಾಜೋನ ಕೈ ಒಂದೇ, ಗಂಟಲು ಮಾತ್ರ ಹನ್ನೆರಡಕ್ಕೂ ಸಾಕಾಗುವಷ್ಟಿತ್ತು.

ಅವನ ಸಿಟ್ಟಿಗೂ ಅರ್ಥವಿತ್ತು. ರಾಕೆಟ್ ಹಾರುವ ದಿನ ಬೆಳಕು ಹರಿಯುವ ಮುಂಚೆಯೇ ಕಡಲು ಬಂದ್. ಮಧ್ಯಾಹ್ನಕ್ಕೆ ಗಾಳಿ ಜೋರಾಯಿತೆಂದು ನಾಳೆಗೆ ಹಾಕುತ್ತಾರೆ. ನಾಳೆಯೂ ಕಡಲು ಬಂದ್. ಈ ಸಲವೂ ಹಾಗೆ ಮೂರು ದಿನ ಅವನು ಹರಿಯದ ಬಲೆಯನ್ನು ಹೊಲಿಯುತ್ತ ದಕ್ಕೆಯ ಮೇಲೆ ಕೂತಿದ್ದ. ನಾಲ್ಕನೆಯ ದಿನ, ಅಂದರೆ ನಿನ್ನೆ, ಅದು ಕೊನೆಗೂ ಹಾರಿತು. "ಹಾಳಾಗಿ ಹೋಗು" ಎಂದು ಅವನು ಶಾಪ ಹಾಕಿದ. ಹೊಗೆಯ ಕೊನೆಯ ಎಳೆ ಕರಗುವವರೆಗೂ ಕತ್ತು ಮೇಲೆತ್ತಿಯೇ ನಿಂತಿದ್ದ, ಟೋಪಿ ತೆಗೆದು ಎದೆಗೆ ಒತ್ತಿಕೊಂಡು. ಶಾಪ ಹಾಕಲು ಟೋಪಿ ಯಾಕೆ ತೆಗೆಯಬೇಕೆಂದು ಯಾರೂ ಕೇಳಲಿಲ್ಲ.

ಇವತ್ತು ಕಡಲು ತೆರೆದಿತ್ತು. ಎಂದಿನಂತೆ ಹೆಂಡತಿ ಫುಸಾಯೆಯನ್ನು ಹತ್ತಿಸಿಕೊಂಡು ಅವನು ಹೊರಟ. ಅವಳು ದೋಣಿಯಲ್ಲಿ ಬಲೆ ಎಳೆಯುವವಳು. ದಡದಲ್ಲಿ ಹೆಂಗಸರ ಒಣಮೀನಿನ ಅಂಗಡಿಗೆ ಯಜಮಾನಿ. ಕಳೆದ ವರ್ಷದ ತುಫಾನಿಗೆ ಅಂಗಡಿಯ ನೆತ್ತಿಯ ಅಲಂಕಾರ ಕೊಚ್ಚಿಹೋದಮೇಲೆ ಗಿರಾಕಿಗಳಿಗೆ ಅಂಗಡಿ ಕಣ್ಣಿಗೇ ಬೀಳುವುದಿಲ್ಲ ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದಳು.

ಒಂದು ಗಂಟೆ ಸಾಗಿರಬೇಕು. ಎದುರಿಗೆ ಬೆಳ್ಳಗೆ ಏನೋ ತೇಲುತ್ತಿತ್ತು. ಎರಡಾಳು ಉದ್ದ, ಸೀಳಿದ ಸೋರೆಕಾಯಿಯಂಥ ಬಾಗು, ಬದಿಯಲ್ಲಿ ಮಾಸಿದ ಅರ್ಧ ಕೆಂಪು ವೃತ್ತ. ಅದರ ಸುತ್ತ ಮೊಟ್ಟೆ ಇಡಲು ಬಂದ ಹಾರುಮೀನುಗಳು ಜಾತ್ರೆ ನೆರೆದಿದ್ದವು.

ಕುಮಾಜೋ ಇಂಜಿನ್ ನಿಲ್ಲಿಸಿದ. ತೇಲಿಬಂದು ದೋಣಿಗೆ ಎದುರಾದ ವಿಚಿತ್ರ ವಸ್ತು ಏನೇ ಇರಲಿ, ಅದು ಎಬಿಸು, ಮೀನು ಕೊಡುವ ದೇವರು. ಬೆನ್ನು ತಿರುಗಿಸಿ ಹೋಗುವಂತಿಲ್ಲ. ಒಬ್ಬ ಕೇಳಬೇಕು, ಹಿಂದೆ ನಿಂತವರು ಎಬಿಸುವಿನ ಪರವಾಗಿ ಉತ್ತರ ಹೇಳಬೇಕು. ಉತ್ತರ ಯಾವಾಗಲೂ ಒಂದೇ: ಕೊಡುತ್ತೇನೆ.

"ಮೀನು ಕೊಡ್ತೀಯಾ?" ಕುಮಾಜೋ ಕೈಮುಗಿದು ಕೇಳಿದ.

ಹಿಂದಿನಿಂದ ಉತ್ತರ ಬರಲಿಲ್ಲ. ಫುಸಾಯೆ ಆ ಕೆಂಪು ವೃತ್ತವನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

"ಕೊಡ್ತೀನಿ," ಎಂದಳು ಆಮೇಲೆ. "ಆದ್ರೆ ಹಾರೋದಕ್ಕೆ ಅಡ್ಡ ಬರಬೇಡ."

ಕುಮಾಜೋ ತಿರುಗಿದ. "ಏನಂದೆ?"

"ನಾನೆಲ್ಲಿ ಅಂದೆ? ಎಬಿಸು ಅಂದಿದ್ದು. ಬೇಗ ಆಯ್ತು ಅನ್ನಿ, ಮೀನು ಚದುರ್ತದೆ."

ದೋಣಿಯ ಮೇಲಿಂದ ಹಾರಿಹೋಗುವ ಮೀನಿಗೆ ಕೈಯೊಡ್ಡಬಾರದು ಎಂದಿರಬೇಕು ಅಂದುಕೊಂಡು ಅವನು "ಆಯ್ತು" ಎಂದ. ನೀರಿನಲ್ಲಿದ್ದದ್ದಕ್ಕೆ ಬಲೆ ಬಿಟ್ಟ. ಹತ್ತು ವರ್ಷದಲ್ಲಿ ಅಂಥ ಮೀನು ಬಿದ್ದಿರಲಿಲ್ಲ. ದೋಣಿ ಬಸುರಿ ಹೆಂಗಸಿನ ಹಾಗೆ ತೂಗುತ್ತ, ಹಗ್ಗದ ತುದಿಯಲ್ಲಿ ದೇವರನ್ನು ಎಳೆದುಕೊಂಡು ಬಂದರಿಗೆ ಬಂತು.

ದಕ್ಕೆಯಲ್ಲಿ ಮೊದಲು ಕಂಡವನು ಪಕ್ಕದ ಮನೆಯ ಎನೊಕಿ, ಆಗಲಿ ಎನ್ನುವವರ ಮುಂದಾಳು.

"ಕುಮಾಜೋ ಅಣ್ಣ, ಬೈದೂ ಬೈದೂ ಕೊನೆಗೆ ರಾಕೆಟ್ಟನ್ನೇ ಮನೆಗೆ ಕರ್ಕೊಂಡು ಬಂದ್ಯಲ್ಲ ಮಾರಾಯ."

"ಬಾಯಿ ಮುಚ್ಚು. ಇದು ಎಬಿಸು."

"ಎಬಿಸುಗೆ ಕೆಂಪು ಸೂರ್ಯನ್ನ ಬಳಿದಿದ್ದು ಯಾರಪ್ಪ? ನಿನ್ನೆ ಹೋಯ್ತಲ್ಲ, ಅದು ಮೇಲೆ ಹೋಗ್ತಾ ಕಳಚಿದ ಸಿಪ್ಪೆ ಇದು."

ಜನ ಸೇರಿದರು. ಮುಟ್ಟಿದರು, ತಟ್ಟಿದರು, ರಾಕೆಟ್ಟೇ ಎಂದರು. ಸಂಘದ ಅಧ್ಯಕ್ಷ ಹಿದಕಾ ಅಜ್ಜ ಕೋಲೂರಿಕೊಂಡು ಬಂದ. ಅಜ್ಜನಿಗೆ ರಾಕೆಟ್ ಗೊತ್ತಿಲ್ಲ, ಎಬಿಸು ಗೊತ್ತು.

"ಕೇಳಿದ್ಯೇನೋ?"

"ಕೇಳ್ದೆ ಅಜ್ಜ."

"ಏನಂತು?"

"ಮೀನು ಕೊಡ್ತೀನಿ ಅಂತು."

"ಅಷ್ಟೇನಾ?"

ಅಷ್ಟೇ ಎನ್ನಲು ಕುಮಾಜೋ ಬಾಯಿ ತೆರೆದ. ದೋಣಿ ತುಂಬ ಬಿದ್ದಿದ್ದ ಸಾವಿರಾರು ಹಾರುಮೀನುಗಳು ರೆಪ್ಪೆಯಿಲ್ಲದ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದವು.

"ಹಾರೋದಕ್ಕೆ ಅಡ್ಡ ಬರಬೇಡ ಅಂತು," ಎಂದ ಮೆಲ್ಲಗೆ.

ಎನೊಕಿ ಐಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಮೀನಿನ ಮಾತು ಎಂದು ಕುಮಾಜೋ ಎಷ್ಟು ಹೇಳಿದರೂ, "ರಾಕೆಟ್ಟು ಬಾಯಿಬಿಟ್ಟು ಹಾರೋದಕ್ಕೆ ಅಂದ್ರೆ ಮೀನಿನ ಬಗ್ಗೆ ಹೇಳ್ತದಾ?" ಎಂದು ಬೇಡ ಎನ್ನುವವರೇ ತಲೆ ಚಚ್ಚಿಕೊಂಡರು.

ನಾಲ್ಕೂವರೆಗೆ ಅವನು ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿ. "ಇನ್ನೊಂದು ಸಲ ಕೇಳ್ತೀನಿ ಕಣೇ. ಈ ಸಲ ಬರೀ ಕೊಡ್ತೀನಿ ಅಂದುಬಿಡು."

"ಅಷ್ಟು ಮೀನು ಕೊಟ್ಟು ಸುಸ್ತಾಗಿದೆ ಅದಕ್ಕೆ. ಮಲಗಿರಲಿ ಬಿಡಿ," ಎಂದಳು ಫುಸಾಯೆ, ಮೀನು ಸೀಳುತ್ತ.

ಸಂಘದ ಚಾಪೆಯ ಮೇಲೆ ರಾಕೆಟ್ ಕೇಂದ್ರದ ಮಿನೊವಾ ಮಂಡಿಯೂರಿ ಕೂತಿದ್ದ. ಇಪ್ಪತ್ತು ವರ್ಷದಿಂದ ಸಾಕೆ ಮದ್ಯದ ಬಾಟಲಿ ತಂದಿಟ್ಟು, ತಲೆ ತಗ್ಗಿಸಿ, ಇವರ ಬೈಗುಳ ತಿಂದು ಹೋಗುವವನು. ಈ ಹತ್ತು ದಿನಕ್ಕಾಗಿ ಆರು ವರ್ಷ ಓಡಾಡಿದ್ದ. "ಆಗಲಿ ಎನ್ನುವವರು?" ಎಂದ ಹಿದಕಾ ಅಜ್ಜ. ಹನ್ನೊಂದು ಕೈ ಎದ್ದವು. ಹನ್ನೆರಡನೆಯದು ಲಂಗರು ಎತ್ತುವಷ್ಟು ನಿಧಾನವಾಗಿ ಎದ್ದಿತು.

ಮಿನೊವಾನ ಹಣೆ ಚಾಪೆ ಮುಟ್ಟಿತು. ಆಮೇಲೆ ಅವನು ಎಬಿಸುವಿನ ದರ್ಶನಕ್ಕೆ ದಕ್ಕೆಗೆ ಬಂದ. ಕೈಮುಗಿದ. ಬಗ್ಗಿದ. ಒಳಮೈಗೆ ಕೈ ಹಾಕಿ ತಡವಿದ. ಅವನ ಮುಖ ಇಳಿಯಿತು.

"ಇದು ನಮ್ಮದಲ್ಲ," ಎಂದ. "ನಮ್ಮದು ಒಳಗೆ ಜೇನುಗೂಡಿನ ಹಾಗೆ ಇರ್ತದೆ. ಇದಕ್ಕೆ ಬಿದಿರು ಕಟ್ಟಿದ್ದಾರೆ."

ಅವನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತಪ್ಪು ತಿಳ್ಕೊಂಡು ಕೈ ಎತ್ತಿದ್ದೀರಿ. ಅದನ್ನ ನಾನು ಹೇಗೆ ತಗೊಂಡು ಹೋಗ್ಲಿ? ಇನ್ನೊಮ್ಮೆ ಎತ್ತಿ. ನಾನು ಕೂತಿರ್ತೀನಿ."

ಎಲ್ಲರೂ ಕುಮಾಜೋನ ಕಡೆ ನೋಡಿದರು. ಅವನು ಬಿದಿರನ್ನು ನೋಡಿದ, ಖಾಲಿ ಮಾಡಿ ತೊಳೆದಿಟ್ಟ ದೋಣಿಯನ್ನು ನೋಡಿದ.

"ನಾನು ಆಯ್ತು ಅಂದಿದ್ದು ನಿಮ್ಮ ರಾಕೆಟ್ಟಿಗಲ್ಲ ಮಿನೊವಾ ಸಾನ್, ಎಬಿಸುಗೆ," ಎಂದ. "ಬಿದಿರಿನದೋ ಬಂಗಾರದ್ದೋ, ಅದು ಮೀನು ಕೊಟ್ಟಿದ್ದು ಸುಳ್ಳಲ್ಲ. ಹಾರೋದಕ್ಕೆ ಅಡ್ಡ ಬರಬೇಡ ಅಂತು. ನಿಮ್ಮದೂ ಹಾರ್ತದಲ್ಲ. ಹೋಗಿ, ಹಾರಿಸ್ಕೊಳ್ಳಿ."

ಎನೊಕಿ ಟೋಪಿ ತೆಗೆದ. ಈ ಸಲ ನಗಲಿಲ್ಲ.

ಎಲ್ಲರೂ ಹೋದಮೇಲೆ ಗಂಡ ಹೆಂಡಿರಿಬ್ಬರೇ ಉಳಿದರು. ಫುಸಾಯೆ ಸೊಂಟದ ಬಟ್ಟೆ ನೆನೆಸಿ ಕೆಂಪು ವೃತ್ತವನ್ನು ಒರೆಸುತ್ತಿದ್ದಳು, ಮಗುವಿನ ಮೂತಿ ಒರೆಸಿದ ಹಾಗೆ.

"ಯಾರದಿದ್ದೀತು ಇದು?" ಎಂದ ಕುಮಾಜೋ.

"ನಮ್ಮದೇ. ಅಂಗಡಿ ನೆತ್ತಿ ಮೇಲೆ ಇತ್ತಲ್ಲ, ಬೊಂಬೆ ರಾಕೆಟ್ಟು, ಅದರ ಅರ್ಧ. ಈ ಕೆಂಪು ನಾನೇ ಬಳಿದಿದ್ದು."

ಕುಮಾಜೋ ಮೀನಿನ ಹಾಗೆ ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಬೆಳಿಗ್ಗೇನೇ ಗೊತ್ತಿತ್ತಾ ನಿಂಗೆ?"

"ಇದು ನೆತ್ತಿ ಮೇಲಿದ್ದಾಗ, ರಾಕೆಟ್ ಹಾರೋದು ನೋಡೋಕೆ ಬಂದ ಜನಕ್ಕೆ ಅಂಗಡೀಲಿ ನಿಲ್ಲೋಕೂ ಜಾಗ ಇರ್ತಿರಲಿಲ್ಲ. ಇನ್ನು ಹತ್ತು ದಿನ ಜಾಸ್ತಿ. ನೀವೂ ಹೇಗೂ ಕಡಲಿಗೆ ಹೋಗೋ ಹಾಗಿಲ್ಲ. ಬಂದು ಮೀನು ಸುಡಬಹುದು."

"ಹಾಗಾದ್ರೆ ಆ ಮಾತು ನಿನ್ನದಾ, ಎಬಿಸುದಾ?"

"ನನ್ನದು ಬರೀ ಬಾಯಿ."

ಅವನಿಗೆ ಹೆಂಡತಿಯ ಜೊತೆ ಜಗಳವಾಡುವ ಧೈರ್ಯವಿರಲಿಲ್ಲ. ಎಬಿಸುವಿಗೆ ಮುಖ ಮಾಡಿ, ಕೈಮುಗಿದು, ಹಲ್ಲು ಕಚ್ಚಿಕೊಂಡು ಕೇಳಿದ: "ಇನ್ನೇನಾದ್ರೂ ಬೇಕಾ?"

ದೇವರ ಸುಸ್ತು ಅಷ್ಟು ಹೊತ್ತಿಗೆ ಕಳೆದಿರಬೇಕು. ಹಿಂದಿನಿಂದ ಉತ್ತರ ತಕ್ಷಣ ಬಂತು.

"ನನ್ನ ಮೈಗೆಲ್ಲ ಬಿಳಿ ಬಣ್ಣ ಬಳಿ. ಎರಡು ಸಲ."