ಶನಿವಾರ ಬಂದ ಮೋಟಾರು

ಬರ್ರಿ, ಆ ಕಂಬಕ್ಕ ಬೆನ್ನು ಹಚ್ಚಿ ಕುಂಡ್ರಿ, ಹೇಳ್ತೀನಿ. ನಮ್ಮ ಮನ್ಯಾಗ ದೊಡ್ಡಸ್ತಿಕಿ ಮಾಡಾಕ ಹೋದಾಗೆಲ್ಲಾ ಹಿಂಗ ಆಕ್ಕಿತ್ತು. ತಪ್ಪು ಮಾತ್ರ ಯಾರದೂ ಇರತಿರಲಿಲ್ಲ.

ಎತ್ತು ಎಳೆದದ್ದು

ನಾ ಹೊಸಾ ಸೊಸಿಯಾಗಿ ಮೇಲವಂಕಿಗೆ ಬಂದಾಗಿನ ಮಾತು. ನಾದಿನಿಯನ್ನ ಘೋಡಗೇರಿಗೆ ಕೊಡೂದು ಗಟ್ಟಿ ಆಗಿತ್ತು. "ಮಗಳನ್ನ ಮೋಟಾರದಾಗ ಕೂಡಿಸಿ ನಿಮ್ಮ ಬಾಗಲಕ್ಕ ಕಳಸ್ತೀನಿ, ಇಲ್ಲಾಂದ್ರ ಮೀಸಿ ಬೋಳಸ್ತೀನಿ," ಅಂತ ನಮ್ಮ ಮಾವ ಬೀಗರಿಗೆ ಮಂದಿ ಮುಂದ ಮಾತು ಕೊಟ್ಟು ಬಂದ್ರು. ಹುಕ್ಕೇರ್ಯಾಗ ಯಾರೋ ಬಿಚ್ಚಿ ಒಗದಿದ್ದ ಹಳೇ ಮೋಟಾರು ಸಿಕ್ತು. ಚಕ್ಕಡ್ಯಾಗ ಹೇರಿಕೊಂಡು ಬಂದ್ರು. ಅವತ್ತು ಶನಿವಾರ.

ಶನಿವಾರ ಕಬ್ಬಿಣ ಮನಿಗೆ ತರಬಾರದು. ಅತ್ತಿ ಬಾಗಲಕ್ಕ ಅಡ್ಡ ನಿಂತ್ರು.

"ಇದು ಕಬ್ಬಿಣಲ್ಲ, ಮೋಟಾರು," ಅಂದ್ರು ಮಾವ.

"ಮೋಟಾರ ಆಗಿದ್ರ ತಾನ ಬರತಿತ್ತು. ಎತ್ತು ಯಾಕ ಎಳದು ತಂದ್ವು?"

ಸಾಮಾನೆಲ್ಲಾ ಹೊರಗ ಬೇವಿನ ಗಿಡದ ಬುಡಕ್ಕ ಇಳೀತು.

ಶನಿಗೆ ಬಿಟ್ಟದ್ದು

ಶನಿವಾರ ಹೊರಗ ಇಟ್ಟ ಕಬ್ಬಿಣ ಶನಿದೇವರ ಹೆಸರಿಲೆ ಬಿಟ್ಟ ದಾನ ಅಂತ ಊರ ಮಂದಿ ತಿಳಕೊಂಡ್ರು. ಕೈಮುಗಿದು, ಬೇಕಾದ್ದು ಒಯ್ದ್ರು. ರವಿವಾರ ನೋಡಿದ್ರ ಸ್ಟೇರಿಂಗ್ ಇಲ್ಲ, ಇಂಜಿನ್ ತಿರುವೋ ಹ್ಯಾಂಡಲ್ ಇಲ್ಲ, ಪೋಂ ಪೋಂ ಅನ್ನೋ ಹಾರ್ನೂ ಇಲ್ಲ.

ಗೋಕಾಕದ ಮಿಸ್ತ್ರಿ ಬಂದು ಉಳದದ್ದು ಜೋಡಿಸಿದ. "ಧಣ್ಯಾರ, ಗಾಡಿಗೆ ನಿಂದ್ರಾಕ ಬರ್ತೈತ್ರಿ. ಹೋಗಾಕಷ್ಟ ಬರೂದಿಲ್ಲ," ಅಂದ.

ಸಿಂಬಿ

ಮಜ್ಜಿಗಿ ಮಾರೋ ಮುದುಕಿ ಮನ್ಯಾಗ ಸ್ಟೇರಿಂಗ್ ಸಿಕ್ತು. ಗಡಿಗಿ ಕೆಳಗ ಸಿಂಬಿ ಆಗಿ ಕುಂತಿತ್ತು.

"ಕೊಡಬೇ," ಅಂದ್ರು ಮಾವ.

"ನಂದೇನ ಹೋಗತೈತ್ರಿ? ಕೊಟ್ಟ ದಾನಾ ತಿರುಗಿ ಒಯ್ದ್ರ ಶನಿ ನಿಮ್ಮ ಬೆನ್ನ ಹತ್ತತಾನ."

ಹ್ಯಾಂಡಲಿಲೆ ಒಬ್ಬಾಂವ ಹಗ್ಗ ಹೊಸಿಯಾಕತ್ತಿದ್ದ. "ಹಗ್ಗ ಒಯ್ರಿ, ಹ್ಯಾಂಡಲ್ ಕೇಳಬ್ಯಾಡ್ರಿ," ಅಂದ. ಪೋಂ ಪೋಂ ಕುರುಬನ ಕೈಯಾಗಿತ್ತು. "ಮೊದಲ ಗಂಟಲಾ ಹರಕೊಂತಿದ್ದೆರಿ. ಈಗ ಒಮ್ಮೆ ಒತ್ತಿದ್ರ ಕುರಿ ಎಲ್ಲಾ ಹಾಜರ್!"

ಮಾವ ಮನಿಗೆ ಬಂದು ಮೀಸಿ ಸವರಕೊಂತ ಕುಂತ್ರು. ಅತ್ತಿ ನೋಡಿ ನೋಡಿ ಅಂದ್ರು: "ಸಾಮಾನ ತಿರುಗಿ ತಗೋಬ್ಯಾಡ್ರಿ. ಸಾಮಾನ ಇದ್ದವರನ್ನ ಲಗ್ನಕ್ಕ ಕರೀರಿ."

ನಿಬ್ಬಣ

ಮೂವರೂ ತಮ್ಮ ತಮ್ಮ ಸಾಮಾನ ಹಿಡಕೊಂಡು ಬಂದ್ರು. ಮಿಸ್ತ್ರಿ ಸ್ಟೇರಿಂಗ್ ಹಚ್ಚಿ ಗಾಡಿ ಹೊಡ್ಯಾಕ ಕುಂತ. ಮುದುಕಿ ಮಿಸ್ತ್ರಿ ಬಾಜೂಕ ಕುಂತು, ಸ್ಟೇರಿಂಗಿನ ಮ್ಯಾಲಿನ ಕೈ ತಗೀಲಿಲ್ಲ. "ಸಾವಕಾಶ ತಿರುವಪಾ, ನಾಳೆ ಇದರ ಮ್ಯಾಲ ಗಡಿಗಿ ಕುಂಡ್ರಬೇಕು." ಹಿಂದ ಹಗ್ಗದಾಂವ, ಕುರುಬ, ನಡುವ ಮದಲಗಿತ್ತಿ. ಮಾವಗ ಜಾಗಾ ಇಲ್ಲ. ಮೋಟಾರು ಕೊಂಡಾವರು ಚಕ್ಕಡಿ ಹತ್ತಿದ್ರು.

ಹಾದ್ಯಾಗ ಗಾಡಿ ನಿಂತಲ್ಲೆಲ್ಲಾ ಹಗ್ಗದಾಂವ ಇಳದು ಹ್ಯಾಂಡಲ್ ಹೊಡದ. ಅಷ್ಟರಾಗ ಚಕ್ಕಡೀನೂ ಬಂದು ಕೂಡತಿತ್ತು. ಊರು ಬಂತಂತ ಕುರುಬ ಖುಷಿಲೆ ಪೋಂ ಪೋಂ ಒತ್ತಿದ. ಅವನ ಹಿಂಡು ಅವತ್ತು ಘೋಡಗೇರಿ ಹೊಲದಾಗನ ಮೇಯಾಕತ್ತಿತ್ತು. ಎಲ್ಲಾ ಕುರಿ ಓಡಿ ಬಂದು ಮೋಟಾರದ ಹಿಂದ ಬಿದ್ದುವು. ಕುರಿ ಹಿಂದ ಚಕ್ಕಡಿ.

ಬೀಗರು ಆರತಿ ಹಿಡಕೊಂಡು ನಿಂತಿದ್ರು. ಮೋಟಾರ ಬಂತು, ಮದಲಗಿತ್ತಿ ಇಳದಳು, ಕುರಿ ಬಂದುವು, ಇನ್ನೂ ಬರಾಕತ್ತಿದ್ದುವು.

"ಬೀಗರು ಎಲ್ಲಿ?" ಅಂತ ಅವರು ನಮ್ಮ ಮಾವನ್ನ ಹುಡುಕಿದ್ರು.

"ಬರ್ತಾರ್ರಿ," ಅಂದಳು ಮುದುಕಿ ಕುರಿ ಕಡೆ ಕೈ ಮಾಡಿ, "ಮೊದಲ ಇವರ ಕಾಲಿಗೆ ನೀರ ಕೊಡ್ರಿ."

ಮಾವನ ಮೀಸಿ ಉಳೀತು, ಸಾಯೂತನಾ ಇತ್ತು. ನಾದಿನಿ ಘೋಡಗೇರ್ಯಾಗ ಮೊಮ್ಮಕ್ಕಳನ್ನ ಆಡಿಸಿದಳು. ಮುದುಕಿಯ ಗಡಿಗಿ ಮತ್ತ ಸಿಂಬಿ ಮ್ಯಾಲ ಕುಂತಿತು. ಹಗ್ಗದಾಂವ ಮೂಡಲಗಿ ಸಂತ್ಯಾಗ ಮೋಟಾರ ಹಗ್ಗ ಅಂತ ಕೂಗಿ ಮಾರಿದ. ಕುರುಬ ಲಗ್ನದ ಊಟ ಮಾಡಿ ಅಲ್ಲೇ ಹಿಂಡಿನ್ಯಾಗ ಉಳದ. ಮಿಸ್ತ್ರಿ ನಮ್ಮ ಓಣಿ ಕಡೆ ಮತ್ತ ಹಾಯಲಿಲ್ಲ.

ಮೂವರೂ ತಮ್ಮ ಸಾಮಾನ ಬಿಚ್ಚಿಕೊಂಡು ಹೋದ ಮ್ಯಾಲ ಮೋಟಾರು ಬೀಗರ ಅಂಗಳದಾಗ ಉಳದಿತ್ತಲ್ಲ, ಅದನ್ನ ಅವರು ಒಂದ ದಿನ ಚಕ್ಕಡ್ಯಾಗ ಹೇರಿ ನಮ್ಮ ಮನಿಗೆ ಕಳಿಸಿದ್ರು.

ಅವತ್ತೂ ಶನಿವಾರ.