ವಿಚಾರ ಮಾಡಿ ಹೇಳತೇನಿ

ಮಕ್ಕಳಿಗೆ ಬುದ್ಧಿ ಹೇಳುವುದು ಅಪಾಯದ ಕೆಲಸ. ಅವು ಒಮ್ಮೊಮ್ಮೆ ಕಲಿತುಬಿಡುತ್ತವೆ. ರಾಣೇಬೆನ್ನೂರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ ನನಗೆ ಅಲ್ಲಿಯವರೆಗೆ ಅಂಥ ಅನುಭವವಾಗಿರಲಿಲ್ಲ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ಕಾಲ. ಧಾರವಾಡದಲ್ಲಿ ನಡೆದ ಮೂರು ದಿನದ ತರಬೇತಿಗೆ ಹೋಗಿ ಎರಡು ದಿನ ಸುಖವಾಗಿ ನಿದ್ದೆ ಮಾಡಿದೆ. ಮೂರನೆಯ ದಿನ ಫ್ಯಾನು ಕೆಟ್ಟು ಎಚ್ಚರವಾಗಿದ್ದೆ. ಮಕ್ಕಳ ಪರವಾಗಿ ನಾವು ನಿರ್ಧಾರ ಮಾಡಬಾರದು, ವಿಚಾರ ಮಾಡಿ ನಿರ್ಧರಿಸುವುದನ್ನು ಅವರಿಗೇ ಕಲಿಸಬೇಕು ಎಂದು ಭಾಷಣಕಾರರು ಹೇಳಿದ್ದು ಹಾಗಾಗಿ ಕಿವಿಗೆ ಬಿತ್ತು. ಊರಿಗೆ ಬಂದವನೇ ಆರು ವರ್ಷದ ಮಗಳು ಶೈಲಾಳಿಗೆ ಮೂರು ಪ್ರಶ್ನೆ ಬಾಯಿಪಾಠ ಮಾಡಿಸಿದೆ: ಇದು ಬೇಕೋ ಬ್ಯಾಡೋ? ಯಾಕ ಬೇಕು? ಆಮ್ಯಾಲ ಏನಾಗತೈತಿ? ಉತ್ತರ ಸಿಗುವವರೆಗೆ ಯಾರೇನು ಕೇಳಿದರೂ 'ವಿಚಾರ ಮಾಡಿ ಹೇಳತೇನಿ' ಅನ್ನಬೇಕು ಎಂದೂ ಕಲಿಸಿದೆ.

ಅಂದಿನಿಂದ ಜಳಕದ ನೀರು ದಿನಕ್ಕೆ ಮೂರು ಸಲ ಕಾದು ಮೂರು ಸಲ ಆರತೊಡಗಿತು. ಮೇಡ್ಲೇರಿ ಬಸ್ಸಿನ ಕಂಡಕ್ಟರ್ "ಎಲ್ಲಿ ಇಳೀತಿ ಪುಟ್ಟಿ?" ಎಂದು ಕೇಳಿದಾಗ, "ವಿಚಾರ ಮಾಡಿ ಹೇಳತೇನ್ರಿ" ಅಂದಳು. ಆತ ಬಾಯಲ್ಲಿ ಸೀಟಿ ಇಟ್ಟುಕೊಂಡು ಕಾದ, ಬಸ್ಸೂ ಕಾಯಿತು. ನನ್ನ ಹೆಂಡತಿ ಸರೋಜಾ, "ಆ ಫ್ಯಾನ್ ರಿಪೇರಿ ಮಾಡವ ಲಗೂ ಬಂದಿದ್ರ ನಮ್ಮ ಮನಿ ಉಳೀತಿತ್ತು ನೋಡ್ರಿ" ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ತಿಂದು, ಚಹಾ ಕುಡಿದು, ಚಪ್ಪಲಿ ಮೆಟ್ಟುತ್ತ "ವಿಚಾರ ಮಾಡಿ ಹೇಳತೇವ್ರಿ" ಅಂದರೆ ಹುಡುಗಿ ಬೇಡ ಎಂದೇ ಅರ್ಥ. ನನ್ನ ತಂಗಿ ಗಿರಿಜಾಳಿಗೆ ಎರಡು ಮನೆತನದವರು ಹಾಗೆ ಹೇಳಿ ಹೋಗಿದ್ದರು. ಅವಳು ಅವರು ತಿಂದ ತಟ್ಟೆ ತೊಳೆದಿಟ್ಟಿದ್ದಳು. ಆ ತಟ್ಟೆಗಳ ಸಪ್ಪಳ ಪಡಸಾಲೆಯವರೆಗೂ ಕೇಳಿತ್ತು. ಅಪ್ಪ ತೀರಿಹೋದ ಮೇಲೆ ಅವಳ ಮದುವೆ ನನ್ನ ಜವಾಬ್ದಾರಿ. ಈಗ ಬ್ಯಾಡಗಿಯವರು ಬರುವವರಿದ್ದರು.

ಬಂದರು. ಹುಡುಗ, ಅವನ ಅಪ್ಪ, ಅವ್ವ. ಸಿಹಿ ಸಜ್ಜಕ, ಖಾರದ ಚೂಡಾ ಕೊಟ್ಟೆವು. ಹುಡುಗನ ಅಪ್ಪ ಶೈಲಾಳನ್ನು ಹತ್ತಿರ ಕರೆದು ಚೇಷ್ಟೆಗೆ, "ಏನವಾ, ಈ ಮಾಮಾ ನಿಮ್ಮ ಸೋದರತ್ತಿಗೆ ಆಗತಾನೇನು?" ಎಂದು ಕೇಳಿದರು.

ಶೈಲಾ ಹುಡುಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ವಿಚಾರ ಮಾಡಿ ಹೇಳತೇನ್ರಿ."

ಹುಡುಗನ ಅವ್ವನ ಬಾಯಲ್ಲಿದ್ದ ಸಜ್ಜಕ ಅಲ್ಲೇ ನಿಂತಿತು. ಆ ಮಾತನ್ನು ಅವರು ಬ್ಯಾಡಗಿಯಿಂದ ಜೋಪಾನವಾಗಿ ತಂದಿದ್ದಿರಬೇಕು. ಇಷ್ಟುದ್ದದ ಹುಡುಗಿ ಕಸಿದುಕೊಂಡಳು.

"ಯಾಕವಾ, ಹುಡುಗನೊಳಗ ಏನರ ಕಡಿಮಿ ಐತೇನು?" ಎಂದರು ಹಿರಿಯರು ಗಾಬರಿಯಾಗಿ. "ತಂಬಾಕ ತಿನ್ನಂಗಿಲ್ಲ. ಮೋಟರ್ ಸೈಕಲ್ ಹೊಡೀತಾನ."

"ಅತ್ತಿ ಯಾಕ ಬೇಕ್ರಿ?" ಶೈಲಾ ನೇರವಾಗಿ ಹುಡುಗನನ್ನೇ ಕೇಳಿದಳು. ಆತ ನೀರು ಕೇಳಿದ. ಕುಡಿದು ಮುಗಿಸಿದ ಮೇಲೆ ಮೂರನೆಯ ಪ್ರಶ್ನೆ ಬಂತು: "ಲಗ್ನ ಆದಮ್ಯಾಲ ಏನಾಗತೈತ್ರಿ?"

"ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲವಾ" ಎಂದ ಹುಡುಗ, ಅಪ್ಪನ ಕಡೆ ತಿರುಗಿದ. ಅವರು ಸೂರು ನೋಡಿ, "ನನಗೂ ಇನ್ನೂ ಗೊತ್ತಾಗಿಲ್ಲ ತಮ್ಮಾ. ನಿಮ್ಮವ್ವನ ಕೇಳು" ಅಂದರು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಏಳೋಣವೆಂದು ಸನ್ನೆ ಮಾಡಿದರು.

ಕೆಟ್ಟಿತು ಅಂದುಕೊಂಡೆ. ನಾಲ್ಕನೆಯ ದಿನ ಬ್ಯಾಡಗಿಯಿಂದ ಕಾರ್ಡು ಬಂತು: 'ನಮಗೆ ಹುಡುಗಿ ಪಸಂದ ಇದ್ದಾಳೆ. ಚಿ. ಶೈಲಾಳ ವಿಚಾರ ಎಲ್ಲಿಗೆ ಬಂತು, ತಿಳಿಸುವುದು.'

ಮನೆಯ ಮಾನ ಆರು ವರ್ಷದ ಹುಡುಗಿಯ ಕೈಗೆ ಹೋಯಿತು. ಪೇಡೆ ತಂದುಕೊಟ್ಟೆ, ತಿಂದಳು. "ಹೂಂ ಅನ್ನವಾ" ಎಂದು ಅಂಗಲಾಚಿದೆ.

"ಅವಸರ ಮಾಡಬ್ಯಾಡ ಅಂತ ನೀನ ಹೇಳೀದಿ. ಮದಲನೇ ಪ್ರಶ್ನೆನ ಮುಗದಿಲ್ಲ. ಬೇಕೋ ಬ್ಯಾಡೋ ಅಂತ ಅತ್ತಿನ ಕೇಳೀಯೇನಪ್ಪಾ?"

ಕೇಳಿರಲಿಲ್ಲ. ಮೂರು ಮನೆತನದವರಿಗೆ ಸಜ್ಜಕ ತಿನ್ನಿಸಿದ್ದೆ, ಇದೊಂದನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. ಹಿತ್ತಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಗಿರಿಜಾಳ ಹತ್ತಿರ ಹೋಗಿ ಕೇಳಿದೆ. ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, "ನನ್ನ ಕೇಳಾಕತ್ತೀಯೇನಣ್ಣಾ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಘಾಟು ಎಂದು ಇಬ್ಬರೂ ಒಪ್ಪಿಕೊಂಡೆವು.

ಎಂಟು ದಿನ ತೆಗೆದುಕೊಂಡು ಗಿರಿಜಾ ಹೂಂ ಅಂದಳು. ಕಾರಣವನ್ನೂ ಕೊಟ್ಟಳು: "ಮದಲ ಬಂದವರಿಗೆಲ್ಲಾ ಎಲ್ಲಾ ಗೊತ್ತಿತ್ತು. ಇವರು ಗೊತ್ತಿಲ್ಲ ಅಂದ್ರು." ಮದುವೆ ಚೆನ್ನಾಗಿಯೇ ಆಯಿತು.

ನನಗೆ ತರಬೇತಿಯ ಹುರುಪು ಮತ್ತೆ ಬಂತು. ರೊಟ್ಟಿ ಬಡಿಯುತ್ತಿದ್ದ ಸರೋಜಾಳನ್ನು, "ನಮ್ಮ ಲಗ್ನದಾಗ ನಿನ್ನ ಯಾರರ ಕೇಳಿದ್ರ ಏನಂತಿದ್ದಿ?" ಎಂದು ಕೇಳಿದೆ.

ಅವಳು ರೊಟ್ಟಿ ತಿರುವಿ ಹಾಕಿದಳು. "ವಿಚಾರ ಮಾಡಿ ಹೇಳತೇನ್ರಿ."

ಶೈಲಾ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ನಾನು ಇನ್ನೂ ಕಾಯುತ್ತಿದ್ದೇನೆ.