ಇಪ್ಪತ್ತಾರು ‘ಹೌದು’ಗಳ ಕಡಲತೀರದ ರಜೆ

“ತಂಗೋ ಜಾಗ ಹುಡುಕೋದು ನನಗೆ ಬಿಡು. ಹದಿನೆಂಟು ವರ್ಷದಿಂದ ಪರವಾನಗಿ ಕಚೇರೀಲಿ ಅರ್ಜಿಗಳನ್ನ ಅರೆದು ಕುಡಿದೋನು ನಾನು!” ಎಂದು ಎದೆ ತಟ್ಟಿಕೊಂಡೆ.

“ನಂದು ಒಂದೇ ಷರತ್ತು ಕಣ್ರೀ. ನಾಲ್ಕು ದಿನ ನಾನು ಒಲೆ ಮುಖ ನೋಡಬಾರದು, ಪೊರಕೆ ಮುಟ್ಟಬಾರದು” ಎಂದಳು ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ ಅದು. ಅದೂ ಕೆಟ್ಟರೆ ನನ್ನ ಗತಿ ಏನೆಂದು ಅವಳ ಕಣ್ಣೇ ಹೇಳುತ್ತಿತ್ತು.

ಹುಡುಕಿದೆ. ಅಲೆಯೇ ಏಳದ ಶಾಂತ ಕಡಲು, ತೆಂಗಿನ ಮರಗಳು, ಮಣ್ಣಿನ ಗೋಡೆಯ ಕುಟೀರ, ಮೇಲೆ ‘ಪರಿಸರಸ್ನೇಹಿ, ಕುಟುಂಬಸ್ನೇಹಿ’ ಎಂಬ ಬಿರುದು ಬೇರೆ! ಅವರು ಕಳಿಸಿದ ಅರ್ಜಿ ಮೂರು ಪುಟ. ನಮ್ಮ ಕಚೇರಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಅರ್ಜಿ ವಾಪಸ್. ‘ಇಲ್ಲ’ ಎಂದು ಬರೆದರೆ ಕಾರಣ ಲಗತ್ತಿಸಬೇಕು. ಅನುಭವಸ್ಥನಾದ ನಾನು ಓದುವ ಗೋಜಿಗೇ ಹೋಗದೆ ಇಪ್ಪತ್ತಾರು ಪ್ರಶ್ನೆಗೂ ‘ಹೌದು’ ಎಂದು ಗುರುತು ಹಾಕಿ ಕಳಿಸಿದೆ. ಹತ್ತೇ ನಿಮಿಷದಲ್ಲಿ ಒಪ್ಪಿಗೆ ಬಂತು. ಮೀಸೆ ತಿರುವಿದೆ.

ಅಲ್ಲಿಗೆ ಹೋಗಿ ಇಳಿದಾಗ ವ್ಯವಸ್ಥಾಪಕಿಯ ಕಣ್ಣಿಂದ ಆನಂದಬಾಷ್ಪ ಉದುರುವುದೊಂದು ಬಾಕಿ.

“ಎಲ್ಲದಕ್ಕೂ ಹೌದು ಅಂದ ಕುಟುಂಬ ಇಲ್ಲಿವರೆಗೆ ನಿಮ್ಮದೊಂದೇ ಸಾರ್!” ಎನ್ನುತ್ತ ಎರಡು ಪೊರಕೆ, ಒಂದು ಬುಟ್ಟಿ, ಒಂದು ಗುದ್ದಲಿ ತಂದು ಮುಂದಿಟ್ಟರು.

“ಇದೇನಮ್ಮಾ?”

“ನೀವೇ ಒಪ್ಕೊಂಡಿದ್ದೀರಲ್ಲ ಸಾರ್! ಬೆಳಗ್ಗೆ ತೀರ ಗುಡಿಸೋದು, ಕೈಪಂಪಿಂದ ನೀರು ಹೊರೋದು, ಗೊಬ್ಬರದ ಗುಂಡಿ ತಿರುವಿ ಹಾಕೋದು, ಮಧ್ಯಾಹ್ನ ಎಲ್ಲ ಅತಿಥಿಗಳಿಗೂ ಅಡುಗೆ!”

ಹೆಂಡತಿಯತ್ತ ನೋಡುವ ಧೈರ್ಯ ನನಗಿರಲಿಲ್ಲ. ಎಂಟು ವರ್ಷದ ಮಗಳು ಮಾತ್ರ, “ಅಪ್ಪಾ, ಅಮ್ಮನ ಮುಖ ಕೆಂಪಾಗ್ತಿದೆ” ಎಂದು ವರದಿ ಒಪ್ಪಿಸಿದಳು.

“ರದ್ದು ಮಾಡೋಕಾಗಲ್ವಾ?” ಎಂದು ಗೋಗರೆದೆ.

“ಪಾಳಿ ಪಟ್ಟಿ ಆಗ್ಹೋಗಿದೆ ಸಾರ್. ಬೇಕಿದ್ರೆ ಇಡೀ ಮನೆಯವರ ಕೆಲಸ ಒಬ್ರೇ ಮಾಡಬಹುದು.”

“ಇವರೇ ಮಾಡ್ತಾರೆ!” ಎಂದಳು ಹೆಂಡತಿ. ಯಾವ ಅರ್ಜಿಯೂ ಅಷ್ಟು ಬೇಗ ಮಂಜೂರಾದದ್ದನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.

ಮಾಡಿದ್ದುಣ್ಣೋ ಮಹರಾಯ! ಮೊದಲ ದಿನ ಅನ್ನ ತಳ ಹಿಡಿಯಿತು, ನನಗೆ ಸೊಂಟ ಹಿಡಿಯಿತು. ಎರಡನೆಯ ದಿನ ಗೊಬ್ಬರದ ಗುಂಡಿಗೇ ಜಾರಿ ಬಿದ್ದು ಪರಿಸರದೊಂದಿಗೆ ಸಂಪೂರ್ಣ ಸ್ನೇಹ ಬೆಳೆಸಿದೆ. ಮೂರನೆಯ ದಿನ ಹದಿನಾರು ಜನರ ಸಾರಿಗೆ ಎಷ್ಟು ಉಪ್ಪು ಎಂಬುದು ಕೈಗೆ ಹತ್ತಿತು. ಹೆಂಡತಿಯೋ, ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಉಯ್ಯಾಲೆಯಲ್ಲಿ ನಿದ್ದೆ ಹೋಗಿದ್ದಳು. ಸತ್ಯ ಹೇಳುತ್ತೇನೆ, ಅವಳು ಹಗಲಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು, ಜೊತೆಗೆ ನಾಚಿಕೆಯೂ ಆಯಿತು.

ನಾಲ್ಕನೆಯ ದಿನ, ಆಗಷ್ಟೇ ಬಂದಿದ್ದ ಹಿರಿಯ ಹೆಂಗಸೊಬ್ಬರು ಉಂಡು ಕೈ ತೊಳೆದು ನನ್ನನ್ನು ಹತ್ತಿರ ಕರೆದರು.

“ಕೈರುಚಿ ಚೆನ್ನಾಗಿದೆಯಪ್ಪಾ. ನಮ್ಮನೆಗೆ ಕೆಲಸಕ್ಕೆ ಬರ್ತೀಯಾ?”

ನಾನು ಗಂಟಲು ಸರಿಮಾಡಿಕೊಂಡು ನನ್ನ ಹುದ್ದೆ ಹೇಳಬೇಕೆನ್ನುವಷ್ಟರಲ್ಲಿ ಹೆಂಡತಿ ಉಯ್ಯಾಲೆಯಿಂದ ದಡಬಡಿಸಿ ಎದ್ದಳು.

“ಅಯ್ಯೋ, ಬೇಡಿ ಅಮ್ಮಾ! ಈಗಷ್ಟೇ ಕೆಲಸ ಕಲಿತಿದ್ದಾರೆ. ನಾಳೆಯಿಂದ ನಮ್ಮನೇಲೇ ಸೇರ್ಕೋತಿದ್ದಾರೆ!”